ಏಡಿಯ ಮುಂದೆ ನಿಂತವನ ಧೈರ್ಯ

2006ರಲ್ಲಿ ಬಂದ ‘ಆಬ್ಲಿವಿಯನ್’ ಎಂಬ ವಿಡಿಯೊ ಆಟವನ್ನು ನಾನು ಇಂದಿಗೂ ಆಡುತ್ತೇನೆ. ಅದರ ಮೂಲ ನಿಯಮವೇ ನನಗೆ ಪ್ರಿಯ: ಕತ್ತಿ ಬೀಸಿದವನಿಗೆ ಕತ್ತಿ ಒಲಿಯುತ್ತದೆ, ಜಿಗಿದವನಿಗೆ ಜಿಗಿತ. ನ್ಯಾಯದ ಕೆಲಸ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ ಎಂದು ಅರಿಸ್ಟಾಟಲ್ ಹೇಳಿದ್ದೂ ಇದನ್ನೇ.

ಆದರೆ ಆಟದಲ್ಲಿ ಲೆಕ್ಕವೂ ಇದೆ. ನಾವು ಆರಿಸಿಕೊಂಡ ಏಳು ಮುಖ್ಯ ಕೌಶಲಗಳು ಒಟ್ಟು 10 ಸಲ ಏರಿದರೆ, ಮಲಗಿ ಎದ್ದಾಗ ಪಾತ್ರ ಒಂದು ಮಟ್ಟ ಮೇಲೇರುತ್ತದೆ. ಅಷ್ಟರೊಳಗೆ ಗುರಾಣಿ, ಭಾರದ ಕವಚ, ಆಯುಧ ರಿಪೇರಿ ಈ ಮೂರೂ ಸೇರಿ 10 ಸಲ ಏರಿದ್ದರೆ ‘ತಾಳಿಕೆ’ ಎಂಬ ಗುಣಕ್ಕೆ ಪೂರ್ತಿ 5 ಅಂಕ. ತಾಳಿಕೆಯ ಹತ್ತನೇ ಒಂದು ಭಾಗ ಪ್ರತಿ ಮಟ್ಟದಲ್ಲೂ ಜೀವಶಕ್ತಿಗೆ ಕೂಡುತ್ತದೆ. ತಡವಾಗಿ ಬೆಳೆಸಿದರೆ ಹಿಂದಿನದು ಸಿಗುವುದಿಲ್ಲ. ಶತ್ರುಗಳೋ ನಮ್ಮ ಜೊತೆಜೊತೆಗೇ ಬಲಿಯುತ್ತಾರೆ. ಹಾಗಾಗಿ ಆಟಗಾರರು ಕೆಸರಿನ ಏಡಿಯೊಂದರ ಮುಂದೆ ಗುರಾಣಿ ಹಿಡಿದು ಸುಮ್ಮನೆ ನಿಲ್ಲುತ್ತಾರೆ, ಏಡಿ ಕುಟ್ಟುತ್ತಲೇ ಇರುತ್ತದೆ.

ಅಲ್ಲಿ ಬೆಳೆದದ್ದು ಧೈರ್ಯವೇ? ಕೆಲಸವೊಂದು ನಿಜವಾದ ಸದ್ಗುಣದ್ದಾಗಲು ಅರಿಸ್ಟಾಟಲನ ಷರತ್ತುಗಳು ಮೂರು: ಅರಿತು ಮಾಡಬೇಕು, ಆ ಕೆಲಸವನ್ನು ಅದಕ್ಕಾಗಿಯೇ ಆರಿಸಿರಬೇಕು, ಅದು ಅಲುಗದ ಸ್ವಭಾವದಿಂದ ಬಂದಿರಬೇಕು. ಆಟ ಎಣಿಸುವುದು ಕೆಲಸವನ್ನಷ್ಟೇ.

ಎಣಿಕೆಯನ್ನು ನಾನು ಹಳಿಯುವುದಿಲ್ಲ. ನಮ್ಮಜ್ಜಿ ರಾಮಕೋಟಿ ಬರೆಯುತ್ತಿದ್ದರು. ಪುಟ ತುಂಬಿಸುವ ಹಟವೇ ಅವರನ್ನು ದಿನವೂ ಮಣೆಯ ಮೇಲೆ ಕೂರಿಸುತ್ತಿತ್ತು. ಆದರೂ ಅವರಿಗೆ ಬೇಕಿದ್ದದ್ದು ರಾಮ, ಕೋಟಿಯಲ್ಲ. ಗೀತೆ ಫಲದ ಆಸೆ ಬಿಡು ಎನ್ನುತ್ತದೆಯೇ ಹೊರತು ಕೆಲಸ ಬಿಡು ಎನ್ನುವುದಿಲ್ಲ.

ನನ್ನ ಕತ್ತಿವೀರನಿಗೆ ಕತ್ತಿಯೇ ಮುಖ್ಯ ಕೌಶಲ. ಉಳಿದ ಕೌಶಲಗಳು ಏರುವ ಮೊದಲೇ ಮಟ್ಟ ಏರಿ ಅಂಕ ಕಡಿಮೆ ಬರುತ್ತದೆ, ಬರಲಿ.