ಕರುಣೆಯ ಖರ್ಚು ಯಾರ ಲೆಕ್ಕಕ್ಕೆ?

ವಿಶ್ವವಿದ್ಯಾಲಯದ ಗೇಟಿನೊಳಗೆ ಯಾವ ಪ್ರಾಣಿ ಬರಬಹುದು, ಯಾವುದು ಬರಬಾರದು ಎನ್ನುವುದು ಮೇಲ್ನೋಟಕ್ಕೆ ಆಡಳಿತದ ಪ್ರಶ್ನೆ. ಒಂದು ಸುತ್ತೋಲೆ, ನಾಲ್ಕು ಷರತ್ತು, ಕೆಳಗೆ ರಿಜಿಸ್ಟ್ರಾರರ ಸಹಿ, ಅಲ್ಲಿಗೆ ಮುಗಿಯಿತು. ಪುಣೆಯಲ್ಲಿ ನಾನು ಪಾಠ ಹೇಳುವ ಕಡೆ ಇಂಥದೊಂದು ನಿಯಮಾವಳಿ ಬರೆಯುವ ಸಮಿತಿಗೆ ನನ್ನನ್ನೂ ಸೇರಿಸಿದಾಗ, ಎರಡು ಸಭೆಗಳಲ್ಲಿ ಕೆಲಸ ಮುಗಿದೀತೆಂದು ಎಲ್ಲರೂ ಅಂದುಕೊಂಡಿದ್ದೆವು. ಏಳು ಸಭೆಗಳಾದವು. ಸಾಕುಪ್ರಾಣಿ, ನೆರವಿನ ಪ್ರಾಣಿ, ಬೀದಿನಾಯಿ ಎಂಬ ಮೂರು ಪದಗಳಿಗೆ ಅರ್ಥ ಬರೆಯಲು ಕೂತರೆ, ಪ್ರತಿ ಸಲವೂ ಮನುಷ್ಯರ ಜಗಳವೇ ಮೇಲೆದ್ದು ಬರುತ್ತಿತ್ತು.

ಸಹೋದ್ಯೋಗಿಯೊಬ್ಬರು ಅಮೆರಿಕದ ವಿಶ್ವವಿದ್ಯಾಲಯವೊಂದರ ನಿಯಮಗಳನ್ನು ತಂದು ಕರಡಾಗಿ ಮುಂದಿಟ್ಟರು. ಅದರಲ್ಲಿ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಅಲ್ಲಿನ 1990ರ ಅಂಗವಿಕಲರ ಕಾಯ್ದೆಯ ಪ್ರಕಾರ, ನಾಯಿಯ ಜೊತೆ ಬಂದವರ ತೊಂದರೆ ಕಣ್ಣಿಗೆ ಕಾಣದಿದ್ದಾಗ ಅವರನ್ನು ಎರಡೇ ಪ್ರಶ್ನೆ ಕೇಳಬಹುದು. ಈ ನಾಯಿ ಅಂಗವೈಕಲ್ಯದ ಕಾರಣಕ್ಕೆ ಬೇಕಾಗಿರುವುದೇ? ಯಾವ ಕೆಲಸ ಮಾಡಲು ಅದಕ್ಕೆ ತರಬೇತಿ ಕೊಟ್ಟಿದೆ? ನಿಮಗಿರುವ ಕಾಯಿಲೆ ಯಾವುದು ಎಂದು ಕೇಳುವಂತಿಲ್ಲ. ಕಾಗದ ತೋರಿಸಿ ಎನ್ನುವಂತೆಯೂ ಇಲ್ಲ. ನಾಯಿ ಹಿಡಿತ ತಪ್ಪಿದರೆ ಹೊರಗೆ ಕಳಿಸಬಹುದು, ಅಷ್ಟೆ. ಬದುಕಿದ್ದೇನೆ ಎಂದು ಪ್ರತಿ ನವೆಂಬರಿನಲ್ಲಿ ಪ್ರಮಾಣಪತ್ರ ಕೊಡುವ ಪಿಂಚಣಿದಾರರ ದೇಶದಲ್ಲಿ ಕೂತು ಇದನ್ನು ಓದಿದರೆ ಬೆರಗಾಗುತ್ತದೆ. ಗಾಯ ತೋರಿಸಿದರೆ ಮಾತ್ರ ಮುಲಾಮು ಎನ್ನುವ ಪದ್ಧತಿ ನಮ್ಮದು. ಗಾಯವನ್ನು ಮುಚ್ಚಿಟ್ಟುಕೊಳ್ಳುವ ಹಕ್ಕೂ ಮನುಷ್ಯನ ಘನತೆಯ ಭಾಗ ಎಂದು ಆ ಕಾಯ್ದೆ ಒಪ್ಪಿಕೊಂಡಿದೆ.

ಆದರೆ ಈ ಔದಾರ್ಯ ತರಬೇತಾದ ನಾಯಿಯ ಮಟ್ಟಿಗೆ. ಮಡಿಲಲ್ಲಿ ಮಲಗುವುದೇ ಕೆಲಸವಾದ ಬೆಕ್ಕಿಗೆ 'ಏನು ಕಲಿಸಿದ್ದೀರಿ' ಎಂದು ಕೇಳಿದರೆ ಉತ್ತರವೇನು? ಮನಸ್ಸಿಗೆ ಆಸರೆಯಾಗುವ ಇಂಥ ಪ್ರಾಣಿಗಳನ್ನು ಅಲ್ಲಿ ವಸತಿಯ ಕಾನೂನು ನೋಡಿಕೊಳ್ಳುತ್ತದೆ. ನೆಬ್ರಾಸ್ಕ ವಿಶ್ವವಿದ್ಯಾಲಯದ ಕರ್ನಿ ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಪುಟ್ಟ ನಾಯಿಯನ್ನು ತನ್ನ ವಸತಿಯಲ್ಲಿ ಇಟ್ಟುಕೊಳ್ಳಲು ಕೇಳಿದಾಗ ಅನುಮತಿ ಸಿಗಲಿಲ್ಲ. ಸರ್ಕಾರವೇ ಮೊಕದ್ದಮೆ ಹೂಡಿತು. ವಸತಿ ಕಾನೂನು ಹಾಸ್ಟೆಲ್ಲಿಗೂ ಅನ್ವಯಿಸುತ್ತದೆ ಎಂದು 2013ರಲ್ಲಿ ನ್ಯಾಯಾಲಯ ಹೇಳಿತು. 2015ರಲ್ಲಿ 1,40,000 ಡಾಲರಿಗೆ ರಾಜಿಯಾಯಿತು. ಆಮೇಲೆ ಇನ್ನೊಂದು ತುದಿಯೂ ಕಾಣಿಸಿತು. ಆಸರೆಯ ಪ್ರಾಣಿ ಬೇಕೆಂಬ ಪತ್ರಗಳು ದುಡ್ಡು ಕೊಟ್ಟರೆ ಸಿಗುವ ಸರಕಾದವು. ಆಸರೆಯ ಪ್ರಾಣಿಗಳನ್ನು ವಿಮಾನದಲ್ಲಿ ಒಯ್ಯಲು ಕೊಡಲೇಬೇಕಾಗಿದ್ದ ಅವಕಾಶವನ್ನು ಅಲ್ಲಿನ ಸಾರಿಗೆ ಇಲಾಖೆ 2020ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಪುರಾವೆ ಕೇಳಿದರೆ ನಿಜವಾಗಿ ನೊಂದವರು ನಾಚಿ ಹಿಂದೆ ಸರಿಯುತ್ತಾರೆ. ಕೇಳದಿದ್ದರೆ ನಾಚಿಕೆ ಬಿಟ್ಟವರು ಮುಂದೆ ನುಗ್ಗುತ್ತಾರೆ. ಇದಕ್ಕೆ ಪೂರ್ತಿ ಪರಿಹಾರ ಯಾವ ದೇಶದ ಕಾನೂನಿನಲ್ಲೂ ಇದ್ದಂತಿಲ್ಲ.

ನಮ್ಮ ಮುಂದೆ ಬಂದ ಅರ್ಜಿಯೂ ಅಂಥದ್ದೇ. ಎರಡನೇ ವರ್ಷದ ಹುಡುಗಿ, ಮನೋವೈದ್ಯರ ಪತ್ರ, ಒಂದು ಹೆಣ್ಣುಬೆಕ್ಕು. ಬೆಕ್ಕು ಬಂದ ಮೇಲೆ ಅವಳು ಮತ್ತೆ ತರಗತಿಗೆ ಬರತೊಡಗಿದ್ದನ್ನು ನಾನೇ ನೋಡಿದ್ದೆ. ಅವಳ ಕೋಣೆಯ ಜೊತೆಗಾತಿಗೆ ಉಬ್ಬಸ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದಾಗ ಜೊತೆಗಾತಿ 'ನನಗೇನೂ ತೊಂದರೆ ಇಲ್ಲ' ಎಂದಳು. ಆಮೇಲೆ ಕಾರಿಡಾರಿನಲ್ಲಿ ಒಬ್ಬಳೇ ಸಿಕ್ಕಾಗ ಅವಳ ಕೈಯಲ್ಲಿ ಇನ್ಹೇಲರ್ ಇತ್ತು. 'ಅವಳಿಗೆ ಬೇಡ ಅನ್ನೋದು ಹೇಗೆ ಮ್ಯಾಡಮ್, ಅವಳು ಎಷ್ಟು ಕಷ್ಟಪಟ್ಟಿದ್ದಾಳೆ' ಎಂದಳು.

ಒಬ್ಬರ ನೋವಿಗೆ ಕಾಗದವಿತ್ತು. ಇನ್ನೊಬ್ಬರ ನೋವಿಗೆ ಇದ್ದದ್ದು ಸಂಕೋಚ ಮಾತ್ರ. ನಾಯಿ ಬೆಕ್ಕುಗಳನ್ನು ಒಳಗೆ ಬಿಡುವ ನಿಯಮಗಳೆಲ್ಲ ತರುವವರ ಕಡೆಯಿಂದ ಬರೆದಂಥವು. ಪಕ್ಕದ ಮಂಚದವರ ಬಗ್ಗೆ ಅವು ಒಂದೆರಡು ಸಾಲಿನಲ್ಲಿ ಮಾತು ಮುಗಿಸುತ್ತವೆ. ಗಾಯ ತೋರಿಸದೇ ಇರುವ ಹಕ್ಕು ಬೆಕ್ಕು ತಂದವಳಿಗೆ ಇದ್ದರೆ, ಬೇಡ ಎನ್ನುವವಳಿಗೂ ಇರಬೇಕಲ್ಲವೇ? ಚಿಕ್ಕಂದಿನಲ್ಲಿ ನಾಯಿ ಕಚ್ಚಿಸಿಕೊಂಡವರ ಭಯ, ಮನೆಯಲ್ಲಿ ಕಲಿತ ಮಡಿ, ಉಬ್ಬಸ, ಯಾವುದೇ ಇರಲಿ, ಅದನ್ನು ಸಭೆಯ ಮುಂದೆ ಬಿಡಿಸಿ ಹೇಳಬೇಕಾದರೆ ಆಕೆ 'ಪರವಾಗಿಲ್ಲ' ಎಂದೇ ಹೇಳುತ್ತಾಳೆ. ಹೀಗಾಗಿ ನಾನು ಒತ್ತಾಯಿಸಿ ಸೇರಿಸಿದ ಷರತ್ತು ಇದು: ಕೋಣೆ ಹಂಚಿಕೊಳ್ಳುವವರನ್ನು ಬೇರೆಯಾಗಿ ಕೇಳಬೇಕು, ಕಾರಣ ಕೇಳಬಾರದು. ಬೆಕ್ಕಿನ ಹುಡುಗಿಗೆ ಒಬ್ಬರ ಕೋಣೆ ಕೊಡಬೇಕು ಎಂದಾಯಿತು. ಅದರ ಬಾಡಿಗೆ ಹೆಚ್ಚು. ಆ ವ್ಯತ್ಯಾಸವನ್ನು ಅವಳ ಅಪ್ಪನೇ ಕಟ್ಟಬೇಕೆಂದರೆ ಆಸರೆಯೂ ಉಳ್ಳವರ ಸೌಲಭ್ಯವಾಗುತ್ತದೆ ಎಂದು ನಾನು ವಾದಿಸಿದೆ. ಅರ್ಧ ಸಂಸ್ಥೆ ಕೊಡುತ್ತದೆ ಎಂಬಲ್ಲಿಗೆ ಚೌಕಾಸಿ ನಿಂತಿತು.

ಈ ಚೌಕಾಸಿ ನಡೆಯುವಾಗೆಲ್ಲ ನನಗೆ ಧರ್ಮರಾಯನ ನೆನಪು. ನಾಯಿಗೆ ಪ್ರವೇಶವಿಲ್ಲ ಎಂಬ ನಿಯಮವನ್ನು ಸ್ವರ್ಗದ ಬಾಗಿಲಲ್ಲಿ ಇಂದ್ರ ಹೇಳುತ್ತಾನೆ. ಇದು ನನ್ನ ನೆರವಿಗೆ ಬೇಕು ಎಂದು ಧರ್ಮರಾಯ ವಾದಿಸುವುದಿಲ್ಲ. ನಂಬಿ ಬಂದದ್ದನ್ನು ಬಿಡಲಾರೆ ಎನ್ನುತ್ತಾನೆ. ಈ ಕಥೆ ಹೇಳಿ ನಾವು ಸಾಮಾನ್ಯವಾಗಿ ಅವನ ಪ್ರಾಣಿದಯೆಯನ್ನು ಹೊಗಳುತ್ತೇವೆ. ಆ ದಯೆಯ ಬೆಲೆಯನ್ನು ಅವನು ತನ್ನ ಕೈಯಿಂದಲೇ ಕಟ್ಟಲು ಹೊರಟಿದ್ದ ಎನ್ನುವುದನ್ನು ಮರೆಯುತ್ತೇವೆ. ಸ್ವರ್ಗ ಬಿಡಲು ಸಿದ್ಧನಾಗಿದ್ದವನು ಅವನೇ. ಬೇರೆಯವರ ಜಾಗ ಬಿಡಿಸಿ ನಾಯಿಗೆ ಕೊಡಿಸಿದ್ದರೆ ಅದು ಧರ್ಮವಾಗುತ್ತಿತ್ತೇ?

ಈ ಅಳತೆಗೋಲು ಹಿಡಿದು ನೋಡಿದರೆ ನಮ್ಮ ಕ್ಯಾಂಪಸ್ಸಿನ ಬೀದಿನಾಯಿಗಳ ವಿಷಯ ಹೆಚ್ಚು ಕಷ್ಟದ್ದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ಹಿಡಿದ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಮತ್ತೆ ಅದೇ ಜಾಗಕ್ಕೆ ಬಿಡಬೇಕು. ಆದರೆ 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಕಡೆಯಿಂದ ಅವನ್ನು ಆಶ್ರಯತಾಣಗಳಿಗೆ ಸಾಗಿಸಬೇಕು, ಮರಳಿ ಅಲ್ಲೇ ಬಿಡಬಾರದು ಎಂದು ಆದೇಶಿಸಿತು. ಸುದ್ದಿ ಬಂದ ದಿನ ಪ್ರಾಧ್ಯಾಪಕರ ವಾಟ್ಸಾಪ್ ಗುಂಪು ಎರಡು ಹೋಳಾಯಿತು.

ನಾನು ಎರಡೂ ಕಡೆಯವರಿಗೆ ಹೇಳಿದ್ದು ಒಂದೇ. ಕಳೆದ ಮಳೆಗಾಲದಲ್ಲಿ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಹೆಂಗಸಿನ ಮಗನಿಗೆ ನಾಯಿ ಕಚ್ಚಿತು. ಹುಡುಗನಿಗೆ ಏಳು ವರ್ಷ. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ವಿರಳ; ಹಾಗಾಗಿ ಒಂದು ಇಂಜೆಕ್ಷನ್ನನ್ನೂ ತಪ್ಪಿಸುವಂತಿಲ್ಲ. ಆಸ್ಪತ್ರೆಗೆ ಹೋದ ಪ್ರತಿ ದಿನವೂ ಆಕೆಯ ಕೂಲಿ ಹೋಯಿತು. ನಾಯಿಗಳಿಗೆ ಬಿಸ್ಕತ್ತು ಹಾಕುವ ನಮ್ಮ ಯಾರ ಸಂಬಳವೂ ಕಡಿಮೆಯಾಗಲಿಲ್ಲ.

ಹಾಗಾದರೆ ಎಲ್ಲವನ್ನೂ ಸಾಗಿಸಿಬಿಟ್ಟರೆ ಲೆಕ್ಕ ಚುಕ್ತಾ ಆಗುತ್ತದೆಯೇ? ಹಿಂದಿನ ಗೇಟಿನಲ್ಲಿ ರಾತ್ರಿ ಪಾಳಿ ಮಾಡುವ ಕಾವಲುಗಾರ ವಿಜಯಪುರದ ಕಡೆಯವರು. ನಾನು ಕನ್ನಡದವಳೆಂದು ತಿಳಿದ ದಿನದಿಂದ ನಿಂತು ಮಾತಾಡುತ್ತಾರೆ. ಆದೇಶದ ಸುದ್ದಿ ಕೇಳಿ ಅವರು ಹೇಳಿದ್ದು: 'ಅಕ್ಕಾರ, ರಾತ್ರಿ ಇಲ್ಲಿ ನಾನೊಬ್ಬನ ಇರ್ತೀನ್ರಿ. ಗ್ವಾಡಿ ಹಾರಿ ಯಾರರೆ ಬಂದ್ರ ಮೊದಲ ಇವಕ್ಕ ಗೊತ್ತಾಗ್ತದ. ಇವನ್ನ ಒಯ್ದ್ರ ನನಗ ಯಾರ್ ಜೋಡಿ?' ಕರಡಿನ ನೆರವಿನ ಪ್ರಾಣಿ ಎಂಬ ವ್ಯಾಖ್ಯೆಗೆ ಆ ಎರಡು ನಾಯಿಗಳಷ್ಟು ಹೊಂದುವಂಥದ್ದು ನಮ್ಮ ಕ್ಯಾಂಪಸ್ಸಿನಲ್ಲಿ ಬೇರೆ ಇರಲಿಲ್ಲ. ವೈದ್ಯರ ಪತ್ರ ಬರೆಸಿಕೊಳ್ಳುವುದು ಅವರಿಗೆ ಹೊಳೆದಿರಲಿಲ್ಲ, ಅಷ್ಟೆ.

ಕೋರ್ಟಿನ ಆದೇಶ ಪಾಲಿಸಲೇಬೇಕು. ಆ ಏಳು ವರ್ಷದ ಹುಡುಗನ ಮುಖ ನೋಡಿದವಳಾಗಿ ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಪಾಲಿಸುವಾಗಲೂ ಯಾರ ಲೆಕ್ಕದಿಂದ ಎಂದು ಕೇಳಲೇಬೇಕು. ನಾಯಿಗಳು ಹೋಗುವ ತಾಣದ ಖರ್ಚಿಗೆ ಬಿಸ್ಕತ್ತು ಹಾಕುತ್ತಿದ್ದವರು ತಿಂಗಳಿಗೆ ಇಷ್ಟೆಂದು ಕೊಡಬೇಕು ಎಂದು ಸೂಚಿಸಿದೆ. ಹನ್ನೊಂದು ಜನ ಒಪ್ಪಿದ್ದಾರೆ. ಹಿಂದಿನ ಗೇಟಿಗೆ ರಾತ್ರಿ ಪಾಳಿಗೆ ಇನ್ನೊಬ್ಬ ಕಾವಲುಗಾರರನ್ನು ಹಾಕಬೇಕು ಎಂದೂ ಬರೆದೆ. ಸಮಿತಿಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಆ ಕಲಮು ಹಣಕಾಸು ವಿಭಾಗಕ್ಕೆ ಹೋಗಿದೆ. ಇನ್ನೂ ಉತ್ತರ ಬಂದಿಲ್ಲ.