ನೋಡುವವನ ಧರ್ಮ

ನೋಡುವುದರಿಂದ ಯಾರಿಗೂ ನಷ್ಟವಿಲ್ಲವೆಂಬುದು ಲೋಕದ ಸಾಮಾನ್ಯವಾದ ನಂಬಿಕೆ. ಹೂವನ್ನು ಕಿತ್ತವನನ್ನು ತೋಟದ ಒಡೆಯನು ಗದರಿಸುತ್ತಾನೆ. ನಿಂತು ನೋಡಿ ಹೋದವನನ್ನು ಗದರಿಸುವುದಿಲ್ಲ. ಈ ನ್ಯಾಯವು ಕಾಡಿನ ಮೃಗಗಳ ವಿಷಯದಲ್ಲಿಯೂ ಸಲ್ಲುವುದೆ? ಒಂದು ಸಣ್ಣ ಪ್ರಸಂಗದಿಂದ ಈ ಪ್ರಶ್ನೆಯು ನನ್ನ ಮನಸ್ಸಿನಲ್ಲಿ ಮೂಡಿತು.

ನಾವಿರುವುದು ಟಿ. ದಾಸರಹಳ್ಳಿಯಲ್ಲಿ. ಒಂದು ಕಡೆ ತುಮಕೂರು ರಸ್ತೆಯ ವಾಹನಗಳ ಮೊರೆತ, ಇನ್ನೊಂದು ಕಡೆ ಪೀಣ್ಯದ ಕಾರ್ಖಾನೆಗಳ ಸದ್ದು. ಇಂಥ ಊರಿನಲ್ಲಿ ವರುಷವೆಲ್ಲ ದುಡಿಯುವವನು ನಾಲ್ಕು ದಿನ ಹಸುರನ್ನು ಕಾಣಬೇಕೆಂದು ಬಯಸುವುದು ಸಹಜ; ಅದನ್ನು ಭೋಗಲಾಲಸೆಯೆಂದು ಹಳಿಯುವುದು ಅನ್ಯಾಯ. ನಮ್ಮ ನೆರೆಮನೆಯವರು ಒಂದು ಬೇಸಗೆಯಲ್ಲಿ ಹೀಗೆಯೇ ಕಬಿನಿಗೆ ಹೋಗಿ, ಹಿನ್ನೀರಿನಲ್ಲಿ ದೋಣಿಯ ಮೇಲೂ ಕಾಡಿನಲ್ಲಿ ಜೀಪಿನ ಮೇಲೂ ಸುತ್ತಾಡಿ ಬಂದರು. ಅವರು ಹಿಂದಿರುಗಿದ ದಿನ ಬೀದಿಯವರೆಲ್ಲ ಕೇಳಿದುದು ಒಂದೇ ಮಾತು: “ಹುಲಿ ಸಿಕ್ಕಿತೆ?” ಸಿಕ್ಕಿರಲಿಲ್ಲ. ಆನೆಗಳ ಹಿಂಡು, ಜಿಂಕೆ, ನವಿಲು, ನೀರುಕಾಗೆ ಎಲ್ಲವನ್ನೂ ಕಣ್ತುಂಬ ನೋಡಿ ಬಂದಿದ್ದ ಆ ಗೃಹಸ್ಥರು, “ಹೋದದ್ದು ದಂಡವಾಯಿತು” ಎಂದು ನಿಟ್ಟುಸಿರಿಟ್ಟರು. ಕೇಳಿದವರಲ್ಲಿ ನಾನೂ ಒಬ್ಬನೆಂಬುದನ್ನು ಮುಚ್ಚಿಡಲಾರೆ.

‘ಸಿಕ್ಕಿತೆ’ ಎಂಬ ಮಾತನ್ನು ವಾಚಕರು ಸ್ವಲ್ಪ ವಿಚಾರಿಸಬೇಕು. ಬಲೆಗೆ ಮೀನು ಸಿಕ್ಕುತ್ತದೆ; ಅಂಗಡಿಯಲ್ಲಿ ಸರಕು ಸಿಕ್ಕುತ್ತದೆ. ಅದು ಬೇಟೆಗಾರನ ಮಾತು, ಕೊಳ್ಳುವವನ ಮಾತು. ನಮ್ಮ ಭಾಷೆಯಲ್ಲಿ ಇನ್ನೊಂದು ಮಾತೂ ಉಂಟು: ‘ಕಾಣಿಸಿಕೊಂಡಿತು’. ಇಲ್ಲಿ ಕರ್ತೃವು ನಾವಲ್ಲ, ಮೃಗವೇ. ಗುಡಿಯಿಂದ ಬಂದವರು ದೇವರ ದರ್ಶನವಾಯಿತೆನ್ನುತ್ತಾರೆಯೇ ಹೊರತು, ದೇವರು ಸಿಕ್ಕಿದನೆನ್ನುವುದಿಲ್ಲ. ಈ ಎರಡು ಮಾತುಗಳ ನಡುವಣ ಅಂತರವೇ ನಮ್ಮ ಪ್ರಶ್ನೆಯ ತಿರುಳು.

ಕಬಿನಿಯ ದಡವು ಎರಡನ್ನೂ ಬಲ್ಲದು. ಹಿಂದೆ ಅಲ್ಲಿಯ ಕಾಕನಕೋಟೆಯಲ್ಲಿ ಖೆಡ್ಡಾ ನಡೆಯುತ್ತಿದ್ದಿತು. ತಮಟೆ, ಕೂಗು, ಬೆಂಕಿಗಳಿಂದ ಬೆದರಿಸಿ ಆನೆಗಳ ಹಿಂಡನ್ನು ಹೊಳೆಗೆ ಅಟ್ಟಿ, ದೊಡ್ಡಿಯೊಳಗೆ ಕೂಡುತ್ತಿದ್ದರು. ಮೈಸೂರು ಅರಸರ ಅತಿಥಿಗಳು ಆ ನೋಟವನ್ನು ಕುಳಿತು ನೋಡಿ ಆನಂದಿಸುತ್ತಿದ್ದರು. ಅವರೂ ನೋಡಿದವರೇ, ಹಗ್ಗ ಹಿಡಿದವರಲ್ಲ. ಆದರೂ ಆ ನೋಟವು ನಿರ್ದೋಷವಾದುದೆಂದು ಇಂದು ಹೇಳುವವರು ವಿರಳ. ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಮುಗಿದ ಅಣೆಕಟ್ಟಿನ ನೀರು ಹಳೆಯ ಖೆಡ್ಡಾ ಭೂಮಿಯನ್ನು ಮುಳುಗಿಸಿತು. 1980ರಲ್ಲಿ ಸ್ಥಾಪಿತವಾದ ಜಂಗಲ್ ಲಾಡ್ಜಸ್ ಸಂಸ್ಥೆಯು ಬಂದೂಕಿಲ್ಲದ ಅತಿಥಿಗಳನ್ನು ಅದೇ ಕಬಿನಿಗೆ ಕರೆತಂದಿತು. ಬೇಸಗೆಯಲ್ಲಿ ನೀರು ಇಳಿದು ಹೊಸ ಹುಲ್ಲು ಚಿಗುರಿದಾಗ, ನಾಗರಹೊಳೆ ಬಂಡೀಪುರಗಳ ಆನೆಗಳು ನೂರಾರಾಗಿ ಅಲ್ಲಿ ಬಂದು ಸೇರುತ್ತವೆ. ಅಂದಿನ ಆನೆ ಅಟ್ಟಿಸಿಕೊಂಡು ಬಂದುದು. ಇಂದಿನದು ತಾನಾಗಿ ಬಂದುದು. ಇದು ಅಲ್ಪವಾದ ಪ್ರಗತಿಯಲ್ಲ.

ಆದರೆ ಬಂದೂಕನ್ನು ಕೆಳಗಿಟ್ಟ ಮಾತ್ರಕ್ಕೆ ಬೇಟೆಯ ಮನಸ್ಸು ತೊಲಗುವುದಿಲ್ಲ. ಹುಲಿಯ ಸುಳಿವು ದೊರೆತೊಡನೆ ಜೀಪುಗಳು ಒಂದರ ಹಿಂದೊಂದು ಧಾವಿಸುತ್ತವೆ. ‘ಇನ್ನೂ ಸ್ವಲ್ಪ ಹತ್ತಿರ’ ಎಂದು ಚಾಲಕನನ್ನು ಪೀಡಿಸುತ್ತೇವೆ. ನೀರಿಗೆ ಹೊರಟ ಪ್ರಾಣಿಗೆ ದಾರಿಯೇ ಇಲ್ಲದಂತಾಗುತ್ತದೆ. ತಪ್ಪು ಚಾಲಕನದಲ್ಲ, ಹಣ ತೆತ್ತಿರುವುದರಿಂದ ಹುಲಿಯು ನಮಗೆ ಸಲ್ಲತಕ್ಕದ್ದೆಂದು ತಿಳಿದ ನಮ್ಮದು. ಇಷ್ಟೇ ಅಲ್ಲ. ಅದೇ ಕಾಡಿನಲ್ಲಿ ತಲೆತಲಾಂತರದಿಂದ ಬಾಳಿದ ಜೇನುಕುರುಬರಲ್ಲಿ ಅನೇಕ ಕುಟುಂಬಗಳು ಕಾಡಿನ ಹೊರಗೆ ಬಂದು ನೆಲಸಬೇಕಾಯಿತು. 2025ರಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ರೈತರು ಹುಲಿಯ ಬಾಯಿಗೆ ತುತ್ತಾದಾಗ, ಸಫಾರಿಯ ಗದ್ದಲವೇ ಮೃಗಗಳನ್ನು ಹೊಲಗಳಿಗೆ ಅಟ್ಟುತ್ತಿದೆಯೆಂದು ಊರವರು ದೂರಿದರು. ಆ ನವೆಂಬರಿನಲ್ಲಿ ಸರಕಾರವು ನಾಗರಹೊಳೆ ಬಂಡೀಪುರಗಳ ಸಫಾರಿಯನ್ನು ತಡೆಹಿಡಿಯಿತು. ಆ ದೂರಿನ ಸತ್ಯಾಸತ್ಯವನ್ನು ಬಲ್ಲವರು ನಿರ್ಣಯಿಸಲಿ. ನಮ್ಮ ವಿನೋದದ ಬೆಲೆಯನ್ನು ನಾವಷ್ಟೇ ತೆರುತ್ತಿಲ್ಲವೆಂಬ ಶಂಕೆಯೇ ವಿಚಾರವಂತನನ್ನು ಎಚ್ಚರಿಸಲು ಸಾಕು.

ಹಾಗಾದರೆ ಹೋಗಲೇಬಾರದೆ? ಹಾಗೆಂದು ನಾನು ಹೇಳಲಾರೆ. ಕಾಣದುದನ್ನು ಪ್ರೀತಿಸುವುದು ಕಷ್ಟ. ಪ್ರೀತಿಸದುದನ್ನು ಕಾಪಾಡುವುದು ಇನ್ನೂ ಕಷ್ಟ. ಅತಿಥಿಗಳ ಹಣದಿಂದ ಕಾಡಂಚಿನ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಶಾಂತಸಾಗರದ ಗಲಪಗಾಸ್ ದ್ವೀಪಗಳಿಗೆ ಸಣ್ಣ ಹಡಗುಗಳಲ್ಲಿ ಹೋಗುವವರಿಗೆ ಕಟ್ಟಳೆಗಳಿವೆ: ಒಂದು ಹಡಗಿನಲ್ಲಿ ನೂರು ಪ್ರಯಾಣಿಕರಿಗಿಂತ ಹೆಚ್ಚು ಇರಬಾರದು, ಮಾರ್ಗದರ್ಶಿಯಿಲ್ಲದೆ ಅಲೆಯಬಾರದು, ಯಾವ ಪ್ರಾಣಿಯಿಂದಲೂ ಎರಡು ಮೀಟರಿನಷ್ಟಾದರೂ ದೂರವಿರಬೇಕು. ಇಂಥ ಕಟ್ಟಳೆಗಳು ಎಲ್ಲೆಡೆಯೂ ಬೇಕು. ಆದರೆ ಕಟ್ಟಳೆಯು ಕಾಲನ್ನು ತಡೆದೀತು, ಆಸೆಯನ್ನು ತಡೆಯಲಾರದು. ಅದು ನೋಡುವವನೇ ಪಾಲಿಸತಕ್ಕ ಧರ್ಮ. ಅತಿಥಿಯು ಬಡಿಸಿದುದನ್ನು ಉಣ್ಣುತ್ತಾನೆ. ಒಳಮನೆಗೆ ನುಗ್ಗಿ ಗಡಿಗೆಯ ಮುಚ್ಚಳವನ್ನು ತೆರೆಯುವುದಿಲ್ಲ. ಏನನ್ನೂ ಕಾಣದೆ ಹಿಂದಿರುಗಿದರೂ ಹೋದದ್ದು ಸಾರ್ಥಕವೆಂದು ಯಾವನು ಹೇಳಬಲ್ಲನೋ, ಅವನಿಗೆ ಮಾತ್ರ ನೋಡುವ ಅರ್ಹತೆಯುಂಟು.

ಇದನ್ನು ಬರೆಯುವುದು ಸುಲಭ. ಹುಲಿಯನ್ನು ತೋರಿಸುವೆನೆಂದು ನಾನು ಮೊಮ್ಮಗನಿಗೆ ಮಾತು ಕೊಟ್ಟಿದ್ದೆ. ಆ ಮಾತನ್ನು ಮೊನ್ನೆ ತಿದ್ದಿಕೊಂಡೆ. “ಕಾಡಿಗೆ ಕರೆದುಕೊಂಡು ಹೋಗುತ್ತೇನಪ್ಪ. ಹುಲಿಯನ್ನು ತೋರಿಸುವ ಅಧಿಕಾರ ನನ್ನದಲ್ಲ, ಅದರದು” ಎಂದೆ. ಹುಡುಗನ ಮುಖವು ಬಾಡಿತು. ಸ್ವಲ್ಪ ಹೊತ್ತಿನ ಮೇಲೆ, “ಅದು ಬರದೆಹೋದರೆ ನಾವು ಏನು ಮಾಡೋಣ, ತಾತ?” ಎಂದು ಕೇಳಿದ. “ಸುಮ್ಮನೆ ಕುಳಿತಿರೋಣ” ಎಂದೆ. ಅವನಿಗೆ ಈ ಉತ್ತರದಿಂದ ತೃಪ್ತಿಯಾಗಲಿಲ್ಲ. ನಿಜವಾಗಿ ನೋಡಿದರೆ ನನಗೂ ಇನ್ನೂ ಪೂರ್ಣವಾಗಿ ಆಗಿಲ್ಲ. ಆದರೆ ಕಲಿಯಬೇಕಾದ ಪಾಠವು ಅದೇ ಎಂದು ತೋರುತ್ತದೆ.