ಬಾಗಿಲು ತಟ್ಟುವವರು

ಬೋಗಾದಿಯ ನಮ್ಮ ಮನೆಯ ಬಾಗಿಲನ್ನು ಒಂದು ಭಾನುವಾರ ಎರಡು ಸಲ ತಟ್ಟಿದರು. ಬೆಳಿಗ್ಗೆ ಬಂದವರು ಇಬ್ಬರು ಕ್ರೈಸ್ತ ಹೆಂಗಸರು. ಕೈಯಲ್ಲಿ ಕನ್ನಡದ ಸಣ್ಣ ಪುಸ್ತಿಕೆಗಳು. ಬಾಗಿಲ ಮೇಲಿನ ಉರ್ದು ಅಕ್ಷರ ಕಂಡು ಒಂದು ಗಳಿಗೆ ಹಿಂಜರಿದವರು, ಬಂದದ್ದು ಬಂದಾಯಿತು ಎನ್ನುವಂತೆ 'ಐದೇ ನಿಮಿಷ ಸಾರ್' ಎಂದರು. ಸಂಜೆ ಅಸರ್ ಆದ ಮೇಲೆ ಬಂದವರು ಗಷ್ತ್ ಹೊರಟ ಜಮಾಅತಿನವರು. 'ಮಗ್ರಿಬ್ ನಂತರ ಮಸೀದಿಯಲ್ಲಿ ನಾಲ್ಕು ಮಾತಿದೆ, ಬನ್ನಿ ಭಾಯ್' ಎಂದರು. ಇವರು ಅನ್ಯಧರ್ಮೀಯರ ಬಾಗಿಲು ತಟ್ಟುವವರಲ್ಲ, ನಮ್ಮನ್ನೇ ಇನ್ನಷ್ಟು ಮುಸ್ಲಿಮರನ್ನಾಗಿ ಮಾಡಲು ಬರುವವರು. ನನ್ನ ಹೆಂಡತಿ ಎರಡು ಕಡೆಯವರಿಗೂ ನೀರು ಕೊಟ್ಟಳು. ರಾತ್ರಿ ಊಟಕ್ಕೆ ಕೂತಾಗ ಮಗಳು ಕೇಳಿದಳು: 'ಅಬ್ಬಾ, ಅವರಿಗೆಲ್ಲ ನಮ್ಮ ಮೇಲೆ ಯಾಕೆ ಅಷ್ಟು ಕಾಳಜಿ?'

ನಾನು ಏನೋ ಹೇಳಿ ಮಾತು ಮರೆಸಿದೆ. ಆದರೆ ಪ್ರಶ್ನೆ ಗಂಟಲಲ್ಲೇ ಉಳಿಯಿತು.

ಧರ್ಮವಂತನೊಬ್ಬ ಇನ್ನೊಬ್ಬನನ್ನು ತನ್ನ ದಾರಿಗೆ ಕರೆಯುವುದು ಏಕೆ? ಹಣಕ್ಕೆ, ಓಟಿಗೆ, ತಲೆ ಎಣಿಕೆಗೆ ಎನ್ನುವುದು ಪತ್ರಿಕೆಗಳ ಸಿದ್ಧ ಉತ್ತರ. ಅಂಥವರೂ ಇದ್ದಾರೆ, ಅವರ ಬಗ್ಗೆ ಬರೆಯುವುದಕ್ಕೆ ಹೆಚ್ಚೇನಿಲ್ಲ. ಆದರೆ ಆ ಬಿಸಿಲಿನಲ್ಲಿ ನಡೆದು ಬಂದ ಹೆಂಗಸರಿಗೆ ನನ್ನಿಂದ ಯಾವ ಲಾಭವಿತ್ತು? ನರಕವೊಂದಿದೆ, ಎದುರು ಮನೆಯವನು ಅದರ ಕಡೆಗೇ ನಡೆಯುತ್ತಿದ್ದಾನೆ ಎಂದು ಪ್ರಾಮಾಣಿಕವಾಗಿ ನಂಬಿದವರು ಸುಮ್ಮನಿದ್ದರೆ ಅದನ್ನು ಒಳ್ಳೆಯತನ ಎನ್ನಲು ಬರುವುದಿಲ್ಲ.

ನಮ್ಮ ಪರಂಪರೆಯಲ್ಲಿ ಈ ಪ್ರೀತಿಯ ಅತ್ಯಂತ ದುಃಖದ ಚಿತ್ರ ಅಬೂ ತಾಲಿಬರದು. ಅನಾಥ ಮುಹಮ್ಮದರನ್ನು (ಸ) ಸಾಕಿದವರು, ಇಡೀ ಕುರೈಶ್ ಕುಲ ತಿರುಗಿ ಬಿದ್ದಾಗಲೂ ಬೆನ್ನಿಗೆ ನಿಂತವರು. ಅವರ ಮರಣಶಯ್ಯೆಯ ಪಕ್ಕದಲ್ಲಿ ಕೂತು ಪ್ರವಾದಿಯವರು ಒಂದೇ ಒಂದು ವಾಕ್ಯ ಹೇಳಿರೆಂದು ದೊಡ್ಡಪ್ಪನನ್ನು ಅಂಗಲಾಚಿದರು. ಅವರು ಹೇಳಲಿಲ್ಲವೆಂದೇ ಬುಖಾರಿ, ಮುಸ್ಲಿಂ ಹದೀಸ್ ಸಂಗ್ರಹಗಳಲ್ಲಿದೆ. ಶಿಯಾ ಪರಂಪರೆ ಇದನ್ನು ಒಪ್ಪುವುದಿಲ್ಲ. ನೀನು ಪ್ರೀತಿಸಿದವರನ್ನು ದಾರಿಗೆ ತರುವುದು ನಿನ್ನ ಕೈಯಲ್ಲಿಲ್ಲ ಎಂಬ ಅರ್ಥದ ಸೂರಾ ಕಸಸ್‌ನ 56ನೇ ಆಯತ್ ಈ ಸಂದರ್ಭಕ್ಕೆ ಇಳಿಯಿತೆನ್ನುತ್ತಾರೆ. ಹಿದಾಯತ್ ಕೊಡುವ ಅಧಿಕಾರವನ್ನು ಪ್ರವಾದಿಗೇ ಕೊಡದೆ ಇದ್ದಾಗ ನಮ್ಮ ಓಣಿಯ ಭಾಷಣಕಾರರಿಗೆ ಅದು ಎಲ್ಲಿಂದ ಬಂತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆದರೆ ಎಲ್ಲ ಕರೆಯೂ ಪ್ರೀತಿಯದಲ್ಲ. ಇದನ್ನು ಬೇರೆಯವರ ಮೇಲೆ ಹೊರಿಸುವ ಬದಲು ನನ್ನದೇ ಕತೆ ಹೇಳುವುದು ವಾಸಿ. ಮೈಸೂರಿನಲ್ಲಿ ಪದವಿ ಓದುವಾಗ ನಂಜನಗೂಡು ಕಡೆಯ ಲಿಂಗಾಯತ ಹುಡುಗನೊಬ್ಬ ನನ್ನ ರೂಮಿನಲ್ಲಿದ್ದ. ಒಂದು ತಟ್ಟೆಯಲ್ಲಿ ಉಂಡವರು ನಾವು. ಮೂರನೇ ವರ್ಷ ನಾನು ಇದ್ದಕ್ಕಿದ್ದಂತೆ ಅವನನ್ನು ಇಸ್ಲಾಮಿಗೆ ಕರೆಯಲು ಶುರು ಮಾಡಿದೆ. ಪುಸ್ತಕ ತಂದುಕೊಟ್ಟೆ, ರಾತ್ರಿಯೆಲ್ಲ ವಾದಿಸಿದೆ. ಒಂದು ತಿಂಗಳು ತಡೆದುಕೊಂಡು ಅವನು ಒಂದು ದಿನ ಹೇಳಿದ: 'ಈಗ ನೀನು ಟೀ ಕೊಟ್ಟರೂ ಇದರ ಹಿಂದೆ ಏನೋ ಇದೆ ಅನ್ಸುತ್ತೆ ಕಣೋ.'

ಆ ವರ್ಷವೇ ನನ್ನ ಅಬ್ಬಾ ತೀರಿಕೊಂಡಿದ್ದರು. ನಮಾಜಿಗೆ ನಿಂತರೆ ಎದೆಯಲ್ಲಿ ಏನೂ ಇರುತ್ತಿರಲಿಲ್ಲ. ಯಾರಿಗೂ ಹೇಳುವಂತಿರಲಿಲ್ಲ. ಗೆಳೆಯ ಒಪ್ಪಿಬಿಟ್ಟರೆ ನನಗೂ ಮತ್ತೆ ನಂಬಿಕೆ ಬಂದೀತು ಎಂಬ ಆಸೆ ಇತ್ತೆಂದು ಈಗ ಕಾಣುತ್ತದೆ. ಅವನೊಡನೆ ಆಡಿದ ವಾದವೆಲ್ಲ ನನ್ನೊಡನೆಯೇ ಆಡಿದ್ದು. ಅಮೆರಿಕದ ಲಿಯಾನ್ ಫೆಸ್ಟಿಂಗರ್ ಮತ್ತು ಅವರ ಜೊತೆಗಾರರು 1956ರ ಪುಸ್ತಕವೊಂದರಲ್ಲಿ ಇಂಥದ್ದನ್ನೇ ವಿವರಿಸಿದ್ದಾರೆ. 1954ರ ಡಿಸೆಂಬರ್ 21ರಂದು ಪ್ರಳಯವಾಗುತ್ತದೆಂದು ನಂಬಿದ್ದ ಒಂದು ಸಣ್ಣ ಗುಂಪು, ಆ ದಿನ ಏನೂ ಆಗದೆ ಹೋದಾಗ, ನಂಬಿಕೆ ಬಿಡುವ ಬದಲು ಪತ್ರಿಕೆಯವರನ್ನು ಕರೆದು ಪ್ರಚಾರಕ್ಕೆ ತೊಡಗಿತಂತೆ. ಆ ಅಧ್ಯಯನದ ಬಗ್ಗೆ ಆಮೇಲೆ ತಕರಾರುಗಳೂ ಬಂದಿವೆ. ನನಗೆ ಮಾತ್ರ ಅದರಲ್ಲಿ ನನ್ನ ಹಾಸ್ಟೆಲಿನ ರಾತ್ರಿಗಳು ಕಂಡವು.

ನಮ್ಮ ಮೈಸೂರು ಸೀಮೆಯಲ್ಲೇ ಈ ಹಂಬಲದ ಏಳುಬೀಳು ಕಂಡವರು ಅಬ್ಬೆ ದುಬೊಯಿ. 1792ರಲ್ಲಿ ಹಿಂದೂಸ್ತಾನಕ್ಕೆ ಬಂದ ಈ ಫ್ರೆಂಚ್ ಪಾದ್ರಿ, 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಇಸ್ಲಾಮಿಗೆ ಸೇರಿಸಲಾಗಿದ್ದ ಕ್ರೈಸ್ತರನ್ನು ಮರಳಿ ಕೂಡಿಸುವ ಕೆಲಸ ಮಾಡಿದರು. (ಆ ಬಲವಂತದ ಅಧ್ಯಾಯವನ್ನು ನಾವು ಮುಸ್ಲಿಮರೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಬೇಕು.) ದೇಸಿ ಉಡುಪು ತೊಟ್ಟು, ಜನರ ನಡುವೆ ಬಾಳಿ, ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ದೇವಿ ಹಾಕಿಸಿದರು. ಕೊನೆಗೆ 1823ರಲ್ಲಿ ಪ್ಯಾರಿಸಿಗೆ ಹಿಂದಿರುಗಿದರು. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಮಾತು ಎಂದು ಬರೆದರು. ಇಪ್ಪತ್ತೈದು ವರ್ಷದಲ್ಲಿ ತಾವು ಸೇರಿಸಿದ್ದು ಇನ್ನೂರು ಮುನ್ನೂರು ಜನ, ಅದರಲ್ಲೂ ಹೆಚ್ಚಿನವರು ಹೊಲೆಯರು, ಭಿಕ್ಷುಕರು ಎಂದು ಲೆಕ್ಕ ಕೊಟ್ಟರು. ಸೋಲನ್ನು ಒಪ್ಪಿದ ಪಾದ್ರಿಯ ಬಗ್ಗೆ ನನಗೆ ಗೌರವವಿದೆ. ಆದರೆ ಬಂದ ಬಡವರನ್ನು ಅವರು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಚುಚ್ಚುತ್ತದೆ. ದೇವಿ ಹಾಕುವಾಗ ಎಲ್ಲರ ತೋಳೂ ಒಂದೇ ಆಗಿತ್ತಲ್ಲ?

ಇಲ್ಲಿಯೇ ಇನ್ನೊಂದು ಮಾತು ಹೇಳಬೇಕು, ಕೆಲವರಿಗೆ ಹಿಡಿಸದಿದ್ದರೂ. ನಾವು ಯಾರನ್ನೂ ಮತಾಂತರ ಮಾಡುವುದಿಲ್ಲ ಎನ್ನುವುದು ಯಾವಾಗಲೂ ಉದಾರತೆಯಲ್ಲ. ನಿನ್ನನ್ನು ನನ್ನ ಮನೆಯೊಳಗೆ ಕರೆಯುವುದಿಲ್ಲ ಎಂಬುದೂ ಅದರ ಅರ್ಥವಾಗಬಹುದು. ಕರೆಯುವವನು, ಎಷ್ಟೇ ಕಿರಿಕಿರಿ ಮಾಡಲಿ, ನೀನು ನನ್ನ ಪಂಕ್ತಿಯಲ್ಲಿ ಕೂರಲು ಯೋಗ್ಯ ಎಂದು ಒಪ್ಪಿರುತ್ತಾನೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ, ಮಾದಾರರ ಕೈಗೆ ಇಷ್ಟಲಿಂಗ ಬಂದದ್ದೂ ಇಂಥದೊಂದು ಕರೆಯಿಂದಲೇ. ಕರೆದು ಒಳಗೆ ಕೂರಿಸಿಕೊಂಡ ಮೇಲೆ ಹೊಸಬರಿಗೆ ಹೆಣ್ಣು ಕೊಡದ, ಬೇರೆ ಬೆಂಚು ಹಾಕುವ ಮಸೀದಿ, ಇಗರ್ಜಿಗಳವರು ಮಾತ್ರ ಈ ಮಾತನ್ನು ತಮ್ಮ ಪರವಾಗಿ ಬಳಸಿಕೊಳ್ಳಬಾರದು.

ನಮ್ಮ ಚರ್ಚೆಗಳಲ್ಲಿ ಮತಾಂತರವಾದವನಿಗೆ ತಲೆಯೇ ಇರುವುದಿಲ್ಲ. ಅವನನ್ನು ಯಾರೋ 'ಮಾಡುತ್ತಾರೆ', ಇನ್ಯಾರೋ 'ಮರಳಿ ತರುತ್ತಾರೆ', ದನ ಅಟ್ಟಿದ ಹಾಗೆ. ಅಂಬೇಡ್ಕರ್ 1935ರಲ್ಲಿ ಯೇವಲಾದಲ್ಲಿ ತಾನು ಹಿಂದೂವಾಗಿ ಸಾಯುವುದಿಲ್ಲ ಎಂದಾಗ ಎಲ್ಲ ಧರ್ಮದವರೂ ಅವರ ಬಾಗಿಲು ತಟ್ಟಿದರು. ಅವರು ಇಪ್ಪತ್ತೊಂದು ವರ್ಷ ಓದಿ, ಯೋಚಿಸಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ತಾವೇ ಆರಿಸಿದ ಬಾಗಿಲಿನಿಂದ ಒಳಗೆ ಹೋದರು. ಇತ್ತ ಕಾನೂನು ಇನ್ನೂ ತಡಕಾಡುತ್ತಿದೆ. ಸಂವಿಧಾನದ 25ನೇ ವಿಧಿ ಧರ್ಮಪ್ರಚಾರಕ್ಕೆ ಹಕ್ಕು ಕೊಟ್ಟಿತು. 1977ರಲ್ಲಿ ಸುಪ್ರೀಂ ಕೋರ್ಟು, ಪ್ರಚಾರವೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ನಮ್ಮ ರಾಜ್ಯದಲ್ಲಿ 2022ರಲ್ಲಿ ಒಂದು ಕಾಯಿದೆ ಬಂತು, 2023ರ ಜೂನ್‌ನಲ್ಲಿ ಹೊಸ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು.

ಕಾಯಿದೆ ಮುಟ್ಟದ ಜಾಗ ಬೇರೆಯಿದೆ. ಬರುವವರಿಗೆ ಹಾರ ಹಾಕುವ ನಾವು, ಹೋಗುವವರನ್ನು ಹೇಗೆ ಕಳಿಸುತ್ತೇವೆ? ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂಬ ಅರ್ಥದ ಸೂರಾ ಬಕರದ 256ನೇ ಆಯತ್ತನ್ನು ನಾವು ವೇದಿಕೆಗಳ ಮೇಲೆ ಬೇರೆಯವರಿಗೆ ಹೇಳುತ್ತೇವೆ. ತಫ್ಸೀರ್‌ಗಳನ್ನು ತೆರೆದರೆ, ಅದರ ಹಿಂದೆ ಮದೀನಾದ ಒಬ್ಬ ಅನ್ಸಾರಿ ತಂದೆ ಇದ್ದಾನೆ. ಗಂಡುಮಕ್ಕಳಿಬ್ಬರು ಕ್ರೈಸ್ತರು, ಅವರನ್ನು ಒತ್ತಾಯದಿಂದ ಇಸ್ಲಾಮಿಗೆ ತರಲೇ ಎಂದು ಅವನು ಕೇಳುತ್ತಾನೆ. ಉತ್ತರವಾಗಿ ಈ ಆಯತ್ ಬರುತ್ತದೆ. ಎಂದರೆ ಅದು ಮೊದಲು ಹೇಳಿದ್ದು ನಮ್ಮದೇ ಮನೆಯ ಅಪ್ಪನಿಗೆ. ನನ್ನ ಮಗಳು ನಾಳೆ ಆ ಹೆಂಗಸರ ಪುಸ್ತಿಕೆ ಓದಿ ಬಂದು 'ಅಬ್ಬಾ, ನನಗೆ ಇದು ಸರಿ ಅನ್ಸುತ್ತೆ' ಎಂದರೆ? ಬರೆಯುವಾಗಲೇ ಕೈ ನಿಲ್ಲುತ್ತದೆ. ಅಳುತ್ತೇನೆ, ವಾದಿಸುತ್ತೇನೆ. ಬಾಗಿಲು ಹಾಕಿಕೊಳ್ಳದೆ ಇರುವಷ್ಟು ಬಲ ಅಲ್ಲಾಹ್ ನನಗೆ ಕೊಡಲಿ.

ನಂಜನಗೂಡಿನ ಗೆಳೆಯ ಈಗಲೂ ಈದ್ ದಿನ ತಪ್ಪದೆ ಫೋನ್ ಮಾಡುತ್ತಾನೆ. ಈ ಸಲ ನಗುತ್ತಾ ಕೇಳಿದ: 'ಏನೋ, ಈಗಲೂ ನನಗೋಸ್ಕರ ದುವಾ ಮಾಡ್ತೀಯಾ?' 'ಮಾಡ್ತೀನಿ' ಅಂದೆ. ಏನಂತ ಎಂದು ಅವನು ಕೇಳಲಿಲ್ಲ. 'ಬಿರಿಯಾನಿ ಕಳಿಸು ಮಾರಾಯ, ನನಗಲ್ಲ, ನನ್ನ ಮಗನಿಗೆ' ಎಂದ.